ಭುಜ ಕೇಳಿದ ಗಿಟಾರ್

ಒಂದು ಬೆಳಿಗ್ಗೆ ಜಡೆ ಹೆಣೆಯಲು ಕೈ ಹಿಂದಕ್ಕೆ ಒಯ್ದೆ. ಬಲಗೈ ಕಿವಿಯ ಮಟ್ಟಕ್ಕೆ ಬರುವಷ್ಟರಲ್ಲಿ ಭುಜದೊಳಗೆ ಸೂಜಿ ಚುಚ್ಚಿದ ಹಾಗಾಯಿತು. ಕೈ ಅಲ್ಲೇ ನಿಂತಿತು. ಎಡಗೈಯಿಂದ ಬಲಗೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದೆ. ಆವತ್ತು ಕೂದಲಿಗೆ ಸುಮ್ನೆ ಒಂದು ಕ್ಲಿಪ್ ಹಾಕಿ ಬಿಟ್ಟೆ.

ನೋವು ಆವತ್ತೇ ಶುರುವಾದದ್ದಲ್ಲ. ಏಳೆಂಟು ತಿಂಗಳಿಂದ ಸಣ್ಣಗೆ ಇತ್ತು. ಗಿಟಾರ್ ನುಡಿಸಿ ಎದ್ದಾಗ ಭುಜದ ಮುಂಭಾಗ ಭಾರವಾಗುತ್ತಿತ್ತು. ರಾತ್ರಿ ಬಲಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತಿತ್ತು. ದಿಂಬು ಸರಿಯಿಲ್ಲ ಅಂದುಕೊಂಡು ದಿಂಬು ಬದಲಾಯಿಸಿದೆ. ಕಂಪ್ಯೂಟರ್ ಮೌಸ್ ಕಾರಣ ಇರಬೇಕು ಅಂದುಕೊಂಡು ಮೌಸನ್ನು ಎಡಗೈಗೆ ಹಾಕಿಕೊಂಡೆ. ಗಿಟಾರ್ ಮೇಲೆ ಮಾತ್ರ ಅನುಮಾನ ಪಡಲು ಮನಸ್ಸು ಬರಲಿಲ್ಲ. 16 ವರ್ಷ ಜೊತೆಗಿದ್ದ ಗಿಟಾರ್ ಅದು. ನಾನು ಕಲಿತದ್ದೆಲ್ಲ ಅದರ ಮೇಲೆಯೇ.

ಕೊನೆಗೆ ಗೊತ್ತಾದದ್ದು ಒಂದು ಪ್ರಯಾಣದಿಂದ. ಎರಡು ವಾರ ಗಿಟಾರ್ ಮುಟ್ಟಲಿಲ್ಲ. ಹತ್ತನೇ ದಿನಕ್ಕೆ ಎರಡೂ ಕೈ ಎತ್ತಿ ಜಡೆ ಹೆಣೆದುಕೊಂಡೆ. ದಿಂಬು ಯಾರದ್ದೋ, ಮಂಚ ಯಾರದ್ದೋ, ಮೌಸ್ ಮತ್ತೆ ಬಲಗೈಗೇ ಬಂದಿತ್ತು. ಆದರೂ ನೋವಿರಲಿಲ್ಲ. ವಾಪಸ್ ಬಂದ ಸಂಜೆ ಆಸೆಯಿಂದ ಒಂದೂವರೆ ಗಂಟೆ ನುಡಿಸಿದೆ. ಆ ರಾತ್ರಿ ಮೂರು ಗಂಟೆಗೆ ಭುಜ ಹಿಡಿದುಕೊಂಡು ಎದ್ದು ಕೂತಿದ್ದೆ. ಇನ್ನು ನನಗೆ ನಾನೇ ಬೇರೆ ಕಾರಣ ಹೇಳಿಕೊಳ್ಳುವಂತಿರಲಿಲ್ಲ.

ನನ್ನದು ಡ್ರೆಡ್‌ನಾಟ್. ಗಿಟಾರ್ ನುಡಿಸುವವರಿಗೆ ಈ ಹೆಸರು ಗೊತ್ತು. ಉಳಿದವರೂ ಅದರ ಆಕಾರ ನೋಡಿಯೇ ಇರುತ್ತಾರೆ. ಅಗಲವಾದ ಹೆಗಲು, ಅಷ್ಟೇನೂ ಒಳಗೆ ಸರಿಯದ ಸೊಂಟ, ತುಂಬಿದ ಹೊಟ್ಟೆ. 1906ರ ಒಂದು ಬ್ರಿಟಿಷ್ ಯುದ್ಧನೌಕೆಯ ಹೆಸರನ್ನು ಇದಕ್ಕೆ ಇಟ್ಟರು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಎಂಬ ಸಂಗೀತ ವ್ಯಾಪಾರಿಗಳಿಗಾಗಿ ಇದನ್ನು ಮೊದಲು ಮಾಡಿಕೊಟ್ಟಿತು. 1931ರಲ್ಲಿ ತನ್ನದೇ ಹೆಸರಿನಲ್ಲಿ ತಂದಿತು. ಆಮೇಲೆ ಲೋಕದಲ್ಲಿ ಗಿಟಾರ್ ಮಾಡುವ ಬಹಳಷ್ಟು ಮಂದಿ ಈ ಆಕಾರವನ್ನು ತೆಗೆದುಕೊಂಡರು. ಇವತ್ತು ಹೊಸದಾಗಿ ಕಲಿಯುವವರ ಕೈಗೆ ಮೊದಲು ಬರುವುದೂ ಬಹುಪಾಲು ಇದೇ. ಯಾರ ಮೈಕಟ್ಟು ಹೇಗಿದೆ, ತೋಳು ಎಷ್ಟು ಉದ್ದ ಎಂದು ಯಾರೂ ಕೇಳುವುದಿಲ್ಲ. ನನ್ನನ್ನೂ ಕೇಳಿರಲಿಲ್ಲ. ನಾನು ಐದಡಿ ಒಂದಿಂಚು.

ಆದರೂ ಅದರ ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲ್ಲಕ್ಕಿಂತ ದಪ್ಪಗಿರುವ ಆರನೇ ತಂತಿಯನ್ನು ಬಿಡಿಯಾಗಿ ಮೀಟಿದರೆ ಅದರ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ಗಿಟಾರಿನ ಬೆನ್ನು ನನ್ನ ಪಕ್ಕೆಲುಬಿಗೆ ಒರಗಿ ನಡುಗುತ್ತಿತ್ತು. ಒಬ್ಬಳೇ ಕೂತು ಹಾಡುವಾಗ ಆ ನಡುಕ ಜೊತೆಗಾರರಿದ್ದ ಹಾಗೆ. ಅದನ್ನು ಬಿಡಬೇಕಾಗಬಹುದು ಅಂತ ಹೊಳೆದಾಗ ನನಗೆ ನಿಜಕ್ಕೂ ದುಃಖವಾಯಿತು. ಭುಜದ ನೋವಿಗಿಂತ ಅದೇ ಜಾಸ್ತಿ ಕಾಡಿತು.

ಮೂಳೆ ಡಾಕ್ಟರು ಕೈಯನ್ನು ಎತ್ತಿಸಿ, ತಿರುಗಿಸಿ, ತಳ್ಳಿಸಿ ನೋಡಿದರು. ಕತ್ತನ್ನೂ ಪರೀಕ್ಷಿಸಿದರು. ಏನೂ ಹರಿದಿಲ್ಲ, ಕತ್ತಿನ ನರದ ತೊಂದರೆಯೂ ಅಲ್ಲ ಅಂದರು. ಫಿಸಿಯೋಥೆರಪಿಗೆ ಬರೆದುಕೊಟ್ಟರು. ನನ್ನ ಹಾಗೆ ತಿಂಗಳುಗಟ್ಟಲೆ ಕಾಯಬೇಡಿ ಅಂತ ಓದುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಕೈಗೆ ಜೋಮು ಹಿಡಿದರೆ, ಬಲ ಕಡಿಮೆಯಾದರೆ, ರಾತ್ರಿ ನಿದ್ದೆ ಕೆಡುವಷ್ಟು ನೋವಿದ್ದರೆ ಮೊದಲು ತೋರಿಸಿ. ಗಿಟಾರಿನ ಅಳತೆ ಯೋಚಿಸುವುದು ಆಮೇಲೆ.

ಫಿಸಿಯೋ ಮಾಡುವವರು ಮೊದಲ ದಿನವೇ, "ನಾಳೆ ಗಿಟಾರ್ ತಗೊಂಡು ಬನ್ನಿ" ಅಂದರು. ನನಗೆ ಆಶ್ಚರ್ಯವಾಯಿತು. ಮರುದಿನ ಅವರು ನನ್ನನ್ನು ಕೈಯಿಲ್ಲದ ಸ್ಟೂಲಿನ ಮೇಲೆ ಕೂರಿಸಿದರು. ಗಿಟಾರನ್ನು ಪೆಟ್ಟಿಗೆಯಿಂದ ತೆಗೆಯಲು ಬಿಡಲಿಲ್ಲ.

"ಗಿಟಾರ್ ಇಲ್ಲದೇನೇ ನುಡಿಸೋ ಹಾಗೆ ಕೈ ಇಟ್ಕೊಳ್ಳಿ. ನಿಮಗೆ ಎಲ್ಲಿ ಹಾಯಾಗಿದೆಯೋ ಅಲ್ಲಿ."

ಇಟ್ಟುಕೊಂಡೆ. ಭುಜ ಇಳಿಬಿದ್ದಿತ್ತು. ಮೊಣಕೈ ಪಕ್ಕೆಯ ಹತ್ತಿರವೇ ಇತ್ತು. ಅಂಗೈ ಹೊಕ್ಕುಳಿನ ಮುಂದೆ ಬಂದು ನಿಂತಿತು. ಒಂದು ಫೋಟೊ ತೆಗೆದರು. ಆಮೇಲೆ ಗಿಟಾರ್ ತೆಗೆದು ನುಡಿಸಲು ಹೇಳಿದರು. ಎರಡನೇ ಹಾಡಿನ ಹೊತ್ತಿಗೆ ಮುಂದಿನಿಂದ, ಬೆನ್ನಿನ ಕಡೆಯಿಂದ ಇನ್ನೆರಡು ಫೋಟೊ ತೆಗೆದರು.

ಅವನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಯಾರೂ ವಿವರಿಸಬೇಕಾಗಿರಲಿಲ್ಲ. ಗಿಟಾರ್ ಹಿಡಿದ ಫೋಟೊದಲ್ಲಿ ನನ್ನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಮೇಲಿತ್ತು. ಮೊಣಕೈ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಪಕ್ಕೆಯಿಂದ ದೂರ ಹೋಗಿತ್ತು. ತೋಳು ಗಿಟಾರಿನ ದಪ್ಪವನ್ನು ಬಳಸಿಕೊಂಡು, ಮೇಲೆ ಹತ್ತಿ, ಮತ್ತೆ ಮುಂದಕ್ಕೆ ಇಳಿದು ತಂತಿ ಮುಟ್ಟಬೇಕಿತ್ತು. ಬೆನ್ನಿನ ಫೋಟೊದಲ್ಲಿ ಬಲಗಡೆಯ ರೆಕ್ಕೆಮೂಳೆ ಹೊರಕ್ಕೆ ಎದ್ದು ಕಾಣುತ್ತಿತ್ತು.

ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ತೋಳಿನ ಮೂಳೆಯ ತಲೆಗೂ ಅದರ ಮೇಲೆ ಚಾವಣಿಯಂತೆ ಬಂದಿರುವ ಮೂಳೆಗೂ ನಡುವೆ ಇಕ್ಕಟ್ಟಾದ ಜಾಗವಿದೆ. ತೋಳನ್ನು ಗುಳಿಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪಿಗೆ ರೊಟೇಟರ್ ಕಫ್ ಅನ್ನುತ್ತಾರೆ. ಆ ಗುಂಪಿನ ಒಂದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಈ ಇಕ್ಕಟ್ಟಿನಲ್ಲೇ ಹಾದುಹೋಗುತ್ತದೆ. ತೋಳು ಪಕ್ಕಕ್ಕೆ ಏಳುತ್ತಾ ಹೋದಂತೆ ಜಾಗ ಕಿರಿದಾಗುತ್ತದೆ. 60ರಿಂದ 120 ಡಿಗ್ರಿ ಎತ್ತುವಾಗ ನೋವು ಜಾಸ್ತಿಯಾದರೆ ತೊಂದರೆ ಅಲ್ಲಿರಬಹುದು ಅನ್ನುವುದಕ್ಕೆ ಅದೊಂದು ಗುರುತು. ನನ್ನ ಜಡೆ ನಿಂತದ್ದು ಸರಿಯಾಗಿ ಅಲ್ಲೇ. ಗಿಟಾರ್ ಹಿಡಿದಾಗ ತೋಳು ಅಷ್ಟು ಮೇಲೇನೂ ಹೋಗುವುದಿಲ್ಲ. ಆದರೆ ಹೋದಷ್ಟರಲ್ಲೇ ಗಂಟೆಗಟ್ಟಲೆ ನಿಂತಿರುತ್ತದೆ. ಒಂದು ಪುಸ್ತಕವನ್ನು ಎತ್ತಿ ಕೆಳಗಿಡುವುದು ಸುಲಭ. ಅದನ್ನೇ ಎತ್ತಿ ಹಿಡಿದುಕೊಂಡು ಒಂದು ಗಂಟೆ ನಿಂತರೆ ಹೇಗಾಗುತ್ತೆ? ನನ್ನ ಭುಜ 16 ವರ್ಷ ಅದನ್ನೇ ಮಾಡಿತ್ತು.

ಮೂರು ವಾರ ಗಿಟಾರ್ ಬಂದ್. ಆ ಮೂರು ವಾರ ಎಡಗೈಯಿಂದ ಬರೀ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುತ್ತಿದ್ದೆ, ಸದ್ದಿಲ್ಲದೆ. ಬಲಗೈಗೆ ಬೇರೆ ಕೆಲಸ. ಕಂಕುಳಲ್ಲಿ ಸುತ್ತಿದ ಟವೆಲ್ ಇಟ್ಟುಕೊಂಡು, ಮೊಣಕೈ ಪಕ್ಕೆಗೆ ಅಂಟಿಸಿ, ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು. ರೆಕ್ಕೆಮೂಳೆಗಳನ್ನು ಹಿಂದಕ್ಕೆ, ಕೆಳಕ್ಕೆ ಸೇರಿಸಿ ಹತ್ತು ಎಣಿಸುವುದು. ಗೋಡೆಗೆ ಕೈ ಕೊಟ್ಟು ತಳ್ಳುವುದು. ಬೇಜಾರಿನ ಕೆಲಸ. ಆದರೆ ಬಿಡದೆ ಮಾಡಿದೆ.

ಮೊದಲು ನಾನು ಗಿಟಾರ್ ಬದಲಾಯಿಸಲಿಲ್ಲ. ಡ್ರೆಡ್‌ನಾಟನ್ನೇ ಉಳಿಸಿಕೊಳ್ಳಲು ಏನೇನು ಮಾಡಬಹುದೋ ಎಲ್ಲ ಮಾಡಿದೆ. ಕ್ಲಾಸಿಕಲ್ ಗಿಟಾರಿನವರ ಹಾಗೆ ಎಡಪಾದದ ಕೆಳಗೆ ಕಾಲ್ಮಣೆ ಇಟ್ಟು, ಗಿಟಾರನ್ನು ಎಡತೊಡೆಯ ಮೇಲೆ ಕೂರಿಸಿ ನೋಡಿದೆ. ಅವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಅವರ ಗಿಟಾರಿನ ಹೊಟ್ಟೆ ಚಿಕ್ಕದು, ಸೊಂಟ ಒಳಕ್ಕೆ ಚೆನ್ನಾಗಿ ಬಾಗಿದೆ. ನನ್ನ ಡ್ರೆಡ್‌ನಾಟ್ ತೊಡೆಯ ಮೇಲೆ ಇನ್ನಷ್ಟು ಎತ್ತರಕ್ಕೆ ಹೋಯಿತು. ಭುಜವೂ ಅದರ ಜೊತೆ ಏರಿತು.

ಸ್ಟ್ರಾಪ್ ಮಾತ್ರ ಸ್ವಲ್ಪ ಸಹಾಯ ಮಾಡಿತು. ಕೂತಾಗಲೂ ಸ್ಟ್ರಾಪ್ ಹಾಕಿಕೊಂಡರೆ ಗಿಟಾರನ್ನು ಹಿಡಿದಿಡುವ ಕೆಲಸ ಬಲಮುಂಗೈಗೆ ತಪ್ಪುತ್ತದೆ. ನನಗೇ ಗೊತ್ತಿಲ್ಲದ ಹಾಗೆ ನಾನು ಗಿಟಾರನ್ನು ಮುಂಗೈಯಿಂದ ಎದೆಗೆ ಒತ್ತಿ ಹಿಡಿಯುತ್ತಿದ್ದೆ. ಅದು ನಿಂತಿತು. ಇಪ್ಪತ್ತು ನಿಮಿಷ ನೋವಿಲ್ಲದೆ ನುಡಿಸುವಂತಾಯಿತು. ಇಪ್ಪತ್ತೊಂದನೇ ನಿಮಿಷಕ್ಕೆ ಅದೇ ಭಾರ.

ಆಮೇಲೆ ಒಂದು ತಪ್ಪು ಮಾಡಿದೆ. ಇದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಜಾಗದಲ್ಲಿರುವವರು ಮೊದಲು ಮಾಡುವುದು ಇದನ್ನೇ. "ಚಿಕ್ಕ ಗಿಟಾರ್ ಬೇಕು" ಅಂದುಕೊಂಡು ಪ್ರಯಾಣಕ್ಕೆ ಒಯ್ಯುವಂಥ ಒಂದು ಪುಟ್ಟ ಗಿಟಾರ್ ತಂದೆ. ಸ್ಕೇಲ್ 23 ಇಂಚು. ನನ್ನ ಡ್ರೆಡ್‌ನಾಟಿನದು 25.4. ಸ್ಕೇಲ್ ಅಂದರೆ ಗಿಟಾರಿನ ಕತ್ತಿನ (ನೆಕ್) ತುದಿಯ ನಟ್‌ನಿಂದ ಹೊಟ್ಟೆಯ ಮೇಲಿನ ಬ್ರಿಡ್ಜ್‌ವರೆಗೆ ತಂತಿ ನುಡಿಯುವ ಉದ್ದ. ಅದೇ ತಂತಿ, ಅದೇ ಶ್ರುತಿ ಇದ್ದರೆ ಬಿಗಿತವು ಉದ್ದದ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. 25.4ರಿಂದ 23ಕ್ಕೆ ಬಂದರೆ ಸುಮಾರು 18 ಪಾಲು ಬಿಗಿತ ಕಡಿಮೆ, ನೂರರಲ್ಲಿ. ತಂತಿ ಒತ್ತುವುದು ಬೆಣ್ಣೆಯ ಹಾಗೆ. ನೆಕ್ ಮೇಲಿನ ಅಡ್ಡಪಟ್ಟಿಗಳು, ಅಂದರೆ ಫ್ರೆಟ್‌ಗಳು, ಹತ್ತಿರ ಹತ್ತಿರ. ಬೆರಳು ಚಾಚುವುದೇ ಬೇಡ. ಮೊದಲ ಸಂಜೆ ಖುಷಿಯೋ ಖುಷಿ.

ಐದನೇ ದಿನಕ್ಕೆ ಭುಜ ಮತ್ತೆ ಹಿಡಿಯಿತು. ಈ ಸಲ ಕತ್ತಿನ ಬುಡವೂ ಸೇರಿಕೊಂಡಿತು.

ಟೇಪ್ ಹಿಡಿದು ಅಳೆದಾಗ ಕಾರಣ ಗೊತ್ತಾಯಿತು. ಸ್ಕೇಲ್ ಚಿಕ್ಕದಾದರೆ ಸುಖವಾಗುವುದು ಎಡಗೈಗೆ. ನನ್ನ ನೋವು ಬಲಭುಜದ್ದು. ಆ ಪುಟ್ಟ ಗಿಟಾರಿನ ಉದ್ದ, ಅಗಲ ಎಲ್ಲ ಇಳಿದಿತ್ತು, ದಪ್ಪ ಮಾತ್ರ ನಾನು ಅಂದುಕೊಂಡಷ್ಟು ಇಳಿದಿರಲಿಲ್ಲ. ಸದ್ದು ಬರಬೇಕಲ್ಲ, ಹಾಗಾಗಿ ಒಳಗಿನ ಜಾಗ ಉಳಿಸಲು ಹೊಟ್ಟೆಯನ್ನು ಆಳವಾಗಿಯೇ ಬಿಟ್ಟಿದ್ದರು. ಜೊತೆಗೆ ಇನ್ನೊಂದು ತೊಂದರೆ. ಮೈ ತೀರಾ ಚಿಕ್ಕದಾದ್ದರಿಂದ ಅದು ತೊಡೆಯ ಮೇಲೆ ನಿಲ್ಲುತ್ತಿರಲಿಲ್ಲ. ಅದನ್ನು ಹುಡುಕಿಕೊಂಡು ನಾನೇ ಬಗ್ಗುತ್ತಿದ್ದೆ. ಬಗ್ಗಿ ಕೂತರೆ ಭುಜಗಳು ಮುಂದಕ್ಕೆ ಸುರುಟುತ್ತವೆ. ಗಿಟಾರಿನದು ಏನೂ ತಪ್ಪಿಲ್ಲ. ನನಗೆ ಬೇಕಾದ ಕಡೆ ಅದು ಚಿಕ್ಕದಾಗಿರಲಿಲ್ಲ, ಅಷ್ಟೆ.

ಅಲ್ಲಿಂದ ನನ್ನ ಪ್ರಶ್ನೆ ಬದಲಾಯಿತು. ಎಷ್ಟು ಚಿಕ್ಕದು ಅನ್ನುವುದನ್ನು ಬಿಟ್ಟು, ಎಲ್ಲಿ ಚಿಕ್ಕದು ಅಂತ ಕೇಳತೊಡಗಿದೆ.

ಚೀಲದಲ್ಲಿ ಒಂದು ಟೇಪ್ ಇಟ್ಟುಕೊಂಡೆ. ಅಂಗಡಿಗೆ ಹೋಗಲಿ, ಗೆಳೆಯರ ಮನೆಗೆ ಹೋಗಲಿ, ಗಿಟಾರ್ ಕಂಡರೆ ಮೂರು ಅಳತೆ ಬರೆದುಕೊಳ್ಳುತ್ತಿದ್ದೆ. ಹೊಟ್ಟೆಯ ಅಗಲ, ಬುಡದ ಕಡೆಯ ದಪ್ಪ, ಸೊಂಟ ಎಷ್ಟು ಒಳಗೆ ಬಾಗಿದೆ ಅನ್ನುವುದು. ಹೆಸರುಗಳ ಗೊಂದಲ ಬಿಡಿಸಿಕೊಳ್ಳಲು ಮಾರ್ಟಿನ್ ಕಂಪನಿಯ ಹಳೆಯ ಲೆಕ್ಕ ಸಹಾಯಕ್ಕೆ ಬಂತು. ಉಳಿದ ಬಹಳಷ್ಟು ಕಂಪನಿಗಳೂ ಇದನ್ನೇ ಬಳಸುತ್ತವೆ. ಅದರಲ್ಲಿ ಅಳತೆಗಳಿಗೆ 0, 00, 000 ಅಂತ ಸೊನ್ನೆಗಳ ಹೆಸರು. ಒಂದು ಸೊನ್ನೆಯ ಗಿಟಾರಿನ ಹೊಟ್ಟೆಯ ಅಗಲ 13.5 ಇಂಚು. ಎರಡು ಸೊನ್ನೆಯದು 14.3. ಮೂರು ಸೊನ್ನೆಯದು 15. ಡ್ರೆಡ್‌ನಾಟ್ 15.6. ಅದಕ್ಕಿಂತ ದೊಡ್ಡದೂ ಇದೆ, ಗಿಬ್ಸನ್ನಿನ ಜೆ-200 ಅಂಥದ್ದು 17 ಇಂಚು. ಅದನ್ನು ನಾನು ಒಮ್ಮೆ ತೊಡೆಯ ಮೇಲೆ ಇಟ್ಟುಕೊಂಡು ನೋಡಿ ಹಾಗೇ ವಾಪಸ್ ಕೊಟ್ಟೆ.

ಬರೀ ಅಗಲ ನೋಡಿದರೆ ಮೂರು ಸೊನ್ನೆಗೂ ಡ್ರೆಡ್‌ನಾಟಿಗೂ ಅರ್ಧ ಇಂಚಿನ ಮೇಲೆ ಚೂರು ವ್ಯತ್ಯಾಸ. ಇಷ್ಟಕ್ಕೆ ಭುಜಕ್ಕೆ ಏನಾದೀತು ಅನಿಸುತ್ತೆ, ಅಲ್ವಾ? ನನಗೂ ಹಾಗೇ ಅನಿಸಿತ್ತು. ಆದರೆ ದಪ್ಪ ನೋಡಿ. ಡ್ರೆಡ್‌ನಾಟ್ ಬುಡದಲ್ಲಿ 4.9 ಇಂಚಿನ ಹತ್ತಿರ. ಮೂರು ಸೊನ್ನೆ, ಎರಡು ಸೊನ್ನೆ ಎರಡೂ 4.1ರ ಆಸುಪಾಸು. ಮುಕ್ಕಾಲು ಇಂಚು ಕಡಿಮೆ. ತೋಳು ಬಳಸಿಕೊಂಡು ಹೋಗಬೇಕಾದದ್ದು ಈ ದಪ್ಪವನ್ನೇ. ಇದರ ಮೇಲೆ ಸೊಂಟದ ಲೆಕ್ಕ. ಸೊಂಟ ಒಳಕ್ಕೆ ಬಾಗಿದಷ್ಟೂ ಗಿಟಾರ್ ತೊಡೆಯ ಮೇಲೆ ಕೆಳಗೆ ಕೂರುತ್ತದೆ. ನನ್ನ ಟೇಪಿನಲ್ಲಿ ಎರಡು ಸೊನ್ನೆಯ ಗಿಟಾರಿನ ಮೇಲಂಚು ಡ್ರೆಡ್‌ನಾಟಿಗಿಂತ ಒಂದೂವರೆ ಇಂಚು ತಗ್ಗಿನಲ್ಲಿತ್ತು. ಮುಕ್ಕಾಲು ಇಂಚು ತೆಳು, ಒಂದೂವರೆ ಇಂಚು ತಗ್ಗು. ಭುಜಕ್ಕೆ ಇವೆರಡೂ ಒಟ್ಟಿಗೆ ಸಿಗುತ್ತವೆ.

ನೋಡುವ ರೀತಿಯನ್ನೂ ಬದಲಾಯಿಸಿಕೊಂಡೆ. ಮೊದಲೆಲ್ಲ ಗಿಟಾರ್ ಕೈಗೆ ಬಂದ ಕೂಡಲೇ ಒಂದು ಕಾರ್ಡ್ ಬಾರಿಸಿ ಸದ್ದು ಕೇಳುತ್ತಿದ್ದೆ. ಈಗ ಹಾಗಲ್ಲ. ಕಣ್ಣು ಮುಚ್ಚಿ, ಭುಜ ಇಳಿಬಿಟ್ಟು, ಫಿಸಿಯೋ ಹೇಳಿಕೊಟ್ಟ ಹಾಗೆ ಖಾಲಿ ಕೈಗಳನ್ನು ಹಾಯಾದ ಕಡೆ ಇಟ್ಟುಕೊಳ್ಳುತ್ತೇನೆ. ಜೊತೆಗಿದ್ದವರು ಗಿಟಾರನ್ನು ಮೆಲ್ಲಗೆ ಆ ಕೈಗಳ ನಡುವೆ ಇಡುತ್ತಾರೆ. ಗಿಟಾರಿಗಾಗಿ ಕೈ ಎಷ್ಟು ಸರಿಯಬೇಕಾಯಿತು ಅನ್ನುವುದೇ ಪರೀಕ್ಷೆ. ಆಮೇಲೆ ಕನಿಷ್ಠ ಇಪ್ಪತ್ತು ನಿಮಿಷ ನುಡಿಸುತ್ತೇನೆ. ತೀರ್ಮಾನ ಮರುದಿನ ಬೆಳಿಗ್ಗೆ, ಜಡೆ ಹೆಣೆಯುವಾಗ.

ಮೂರು ಸೊನ್ನೆಯದು ಚೆನ್ನಾಗಿತ್ತು. ಸದ್ದೂ ತುಂಬಿತ್ತು. ನನಗಿಂತ ಸ್ವಲ್ಪ ಎತ್ತರದವರಿಗೆ ನಾನು ಮೊದಲು ಹೇಳುವುದು ಅದನ್ನೇ. ಪಾರ್ಲರ್ ಅಂತ ಕರೆಯುವ ತೀರಾ ಸಣ್ಣ ಗಿಟಾರನ್ನು ಆಸೆಯಿಂದ ಹಿಡಿದೆ. ಮತ್ತೆ ಬಗ್ಗಿ ಕೂತೆ, ಮತ್ತೆ ಕತ್ತು ಹಿಡಿಯಿತು. ಎರಡು ಸೊನ್ನೆಯದು ಬಂದಾಗ ನನ್ನ ಮೊಣಕೈ ಇದ್ದಲ್ಲಿಂದ ಬಹುಶಃ ಒಂದಿಂಚು ಸರಿಯಿತು. ಅಷ್ಟೇ. ಉಸಿರು ತಾನಾಗಿ ಹೊರಗೆ ಬಂತು. ಕಣ್ಣು ಬಿಟ್ಟು ನೋಡಿದರೆ ಜೊತೆಗೆ ಬಂದಿದ್ದ ಅಕ್ಕ ನಗುತ್ತಿದ್ದಳು. "ನಿನ್ನ ಭುಜ ಇಳೀತು ಕಣೇ, ನಾನೇ ನೋಡ್ದೆ" ಅಂದಳು.

ಆ ಗಿಟಾರಿನಲ್ಲಿ ನೆಕ್ 12ನೇ ಫ್ರೆಟ್‌ನಲ್ಲಿ ಮೈಗೆ ಸೇರುತ್ತದೆ. ಈಗಿನ ಬಹುಪಾಲು ಅಕೌಸ್ಟಿಕ್ ಗಿಟಾರ್‌ಗಳಲ್ಲಿ 14ನೇ ಫ್ರೆಟ್‌ನಲ್ಲಿ ಸೇರುತ್ತದೆ. ಎರಡು ಫ್ರೆಟ್ ಒಳಗೆ ಬಂದಾಗ ಇಡೀ ನೆಕ್ ನಮ್ಮ ಕಡೆಗೆ ಸರಿಯುತ್ತದೆ. ಮೊದಲನೇ ಫ್ರೆಟ್‌ನ ಕಾರ್ಡ್‌ಗೆ ಎಡಗೈಯನ್ನು ಅಷ್ಟು ದೂರ ಚಾಚಬೇಕಿಲ್ಲ. ಬ್ರಿಡ್ಜ್ ಹೊಟ್ಟೆಯ ಅಗಲವಾದ ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಬಲಗೈಗೂ ಮೀಟುವ ಜಾಗ ಹತ್ತಿರ. ಮೇಲಿನ ಫ್ರೆಟ್‌ಗಳಿಗೆ ಕೈ ಹೋಗುವುದು ಕಷ್ಟ ಅನ್ನುವುದು ನಿಜ. ನಾನು ಹಾಡಿನ ಜೊತೆಗೆ ನುಡಿಸುವವಳು, 12ನೇ ಫ್ರೆಟ್ ದಾಟುವುದು ಅಪರೂಪ. ನನಗೆ ಅದು ನಷ್ಟ ಅನಿಸಲಿಲ್ಲ.

ಹುಡುಕಾಟದಲ್ಲಿ ಕಂಡ ಇನ್ನೊಂದು ವಿಷಯ ಬಿಡಲು ಮನಸ್ಸಿಲ್ಲ. ಕೆನಡಾದ ಲಿಂಡಾ ಮ್ಯಾಂಜರ್ ಎಂಬ ಗಿಟಾರ್ ತಯಾರಕಿ 1984ರಲ್ಲಿ ಅಮೆರಿಕದ ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥೆನಿಗಾಗಿ 42 ತಂತಿಗಳ ಪಿಕಾಸೊ ಗಿಟಾರ್ ಮಾಡಿದರು. ಅಷ್ಟು ದೊಡ್ಡ ವಾದ್ಯ ಹಿಡಿಯಲು ಸುಲಭವಾಗಲಿ ಅಂತ ಮೈಯನ್ನು ಬೆಣೆಯ ಹಾಗೆ ಮಾಡಿದರು. ತೋಳು ಬರುವ ಕಡೆ ತೆಳು, ತೊಡೆಯ ಕಡೆ ದಪ್ಪ. ಒಳಗಿನ ಜಾಗ ಹಾಗೇ ಉಳಿಯುತ್ತದೆ, ಭುಜಕ್ಕೆ ಮಾತ್ರ ಗಿಟಾರ್ ಚಿಕ್ಕದಾಗುತ್ತದೆ. ಈಗ ಹಲವರು ಇದನ್ನು ಮಾಡುತ್ತಾರೆ. ತೋಳು ಒರಗುವ ಅಂಚನ್ನು ಇಳಿಜಾರಾಗಿ ಕೆತ್ತುವವರೂ ಇದ್ದಾರೆ. ದೊಡ್ಡ ಸದ್ದು ಬಿಡಲಾರೆ ಅನ್ನುವವರು ಇಂಥದ್ದನ್ನು ಒಮ್ಮೆ ಹಿಡಿದು ನೋಡಬೇಕು. ನೋಯುವ ಭುಜವನ್ನು ನೆನೆದು ಮರ ಕೆತ್ತಿದವರು ಇದ್ದಾರಲ್ಲ ಅಂತ ನನಗೆ ಬಹಳ ಸಂತೋಷವಾಯಿತು.

ಎರಡು ಸೊನ್ನೆಯನ್ನು ಮನೆಗೆ ತಂದೆ. ಭುಜಕ್ಕೆ ಹೊಂದಿತು. ಕಿವಿ ಒಪ್ಪಲಿಲ್ಲ.

ಇದರ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಮೊದಲ ವಾರ ಪ್ರತಿ ಸಂಜೆ ನಿರಾಸೆ. ಆರನೇ ತಂತಿ ಮೀಟಿದರೆ ಎದೆಗೆ ಬರುತ್ತಿದ್ದ ಆ ತಾಗು ಇಲ್ಲ. ಜೋರಾಗಿ ಸ್ಟ್ರಮ್ ಮಾಡಿದರೆ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸಿದರೆ, ಸದ್ದು ಬೆಳೆಯುವ ಬದಲು ಗಟ್ಟಿಯಾಗಿ ಒಡೆಯುತ್ತಿತ್ತು. ಇದಕ್ಕೆ ಕಾರಣ ಸರಳ. ಗಿಟಾರಿನ ಹೊಟ್ಟೆಯೊಳಗಿನ ಗಾಳಿಗೂ ಒಂದು ಸ್ವಂತ ಶ್ರುತಿ ಇರುತ್ತದೆ, ಖಾಲಿ ಸೀಸೆಯ ಬಾಯಿಗೆ ಊದಿದಾಗ ಬರುವ ಸದ್ದಿನ ಹಾಗೆ. ಹೊಟ್ಟೆ ಚಿಕ್ಕದಾದಂತೆ ಆ ಶ್ರುತಿ ಮೇಲಕ್ಕೆ ಹೋಗುತ್ತದೆ. ಆರನೇ ತಂತಿಯ ಶ್ರುತಿ 82 ಹರ್ಟ್ಸ್. ಅಷ್ಟು ಕೆಳಗಿನ ಸದ್ದಿಗೆ ಚಿಕ್ಕ ಹೊಟ್ಟೆಯಿಂದ ಸಿಗುವ ಆಸರೆ ಕಡಿಮೆ. ಮೇಲ್ಹಲಗೆಯೂ ಚಿಕ್ಕದು. ಅದನ್ನು ನಡುಗಿಸಲು ಸ್ವಲ್ಪ ಬಲ ಸಾಕು. ಆದರೆ ಬಲ ಜಾಸ್ತಿಯಾದರೆ ಬೇಗ ಮಿತಿ ಮುಟ್ಟುತ್ತದೆ.

ನಾನು 16 ವರ್ಷ ಭುಜದಿಂದ ಬಾರಿಸಿದ್ದೆ. ಇಡೀ ತೋಳು ಬೀಸುತ್ತಿದ್ದೆ. ಡ್ರೆಡ್‌ನಾಟ್ ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತಿತ್ತು. ಕೊಟ್ಟಷ್ಟೂ ಸದ್ದು. ನೋವಿಗೆ ಗಿಟಾರಿನ ಅಳತೆ ಒಂದು ಕಾರಣವಾದರೆ ಈ ಬೀಸು ಇನ್ನೊಂದು. ಹೊಸ ಗಿಟಾರ್ ಆ ಬೀಸನ್ನು ಒಪ್ಪದೆ ನನಗೆ ಅದನ್ನು ತೋರಿಸಿಕೊಟ್ಟಿತು. ತಂತಿ ಮೀಟುವ ದಪ್ಪ ಪಿಕ್ ಬಿಟ್ಟು ತೆಳು ಪಿಕ್ ಹಿಡಿದೆ. ಮೊಣಕೈ ಅಲ್ಲಾಡಿಸದೆ, ಬೀಗದಲ್ಲಿ ಕೀಲಿ ತಿರುಗಿಸುವ ಹಾಗೆ ಮುಂಗೈ ಮಾತ್ರ ತಿರುಗಿಸಿ ಸ್ಟ್ರಮ್ ಮಾಡುವುದನ್ನು ಹೊಸದಾಗಿ ಕಲಿತೆ. ಒಂದು ತಿಂಗಳು ತಾಳ ತಪ್ಪಿತು. ಎರಡನೇ ತಿಂಗಳಲ್ಲಿ ಪಿಕ್ ಕೆಳಗಿಟ್ಟು ಬೆರಳಿಗೆ ಬಂದೆ.

ಬೆರಳಿಗೆ ಬಂದಾಗ ಆ ಗಿಟಾರಿನ ಸದ್ದು ನನಗೆ ತೆರೆದುಕೊಂಡಿತು. ಆರು ತಂತಿಗಳೂ ಒಂದೇ ಮಟ್ಟದ ಜೋರಿನಲ್ಲಿ ಮಾತಾಡುತ್ತಿದ್ದವು. ಡ್ರೆಡ್‌ನಾಟಿನಲ್ಲಿ ಬೇಸ್ ತಂತಿಗಳ ಅಡಿಯಲ್ಲಿ ಹುದುಗಿಹೋಗುತ್ತಿದ್ದ ಎರಡನೇ, ಮೂರನೇ ತಂತಿಗಳು ಇಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದವು. ಒಂದು ದಿನ ಅದೇ ಹಾಡನ್ನು ಎರಡೂ ಗಿಟಾರಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಡ್ರೆಡ್‌ನಾಟಿನ ಜೊತೆ ನನ್ನ ದನಿ ಅದರ ಮೇಲೆ ಹತ್ತಿ ಹಾಡಬೇಕಿತ್ತು. ಚಿಕ್ಕದರ ಜೊತೆ ದನಿಗೆ ಜಾಗವಿತ್ತು. ನಾನು ಇಷ್ಟು ವರ್ಷ ಕೂಗುತ್ತಿದ್ದೆ ಅಂತ ಆವತ್ತು ತಿಳಿಯಿತು.

ಹಳೆಯ ಗಿಟಾರಿನ ಕಥೆ ಓದಿದರೆ ಇದರಲ್ಲಿ ಆಶ್ಚರ್ಯವಿಲ್ಲ. 19ನೇ ಶತಮಾನದಲ್ಲಿ ಗಿಟಾರ್‌ಗಳೆಲ್ಲ ಚಿಕ್ಕವೇ. ಮಾರ್ಟಿನ್ ಕಂಪನಿ ಆ ಒಂದು ಸೊನ್ನೆಯ, 13.5 ಇಂಚಿನ ಗಿಟಾರಿಗೆ ಇಟ್ಟ ಹೆಸರು ಕನ್ಸರ್ಟ್. ಎರಡು ಸೊನ್ನೆಗೆ ಗ್ರ್ಯಾಂಡ್ ಕನ್ಸರ್ಟ್. ಇವತ್ತು ನಾವು ಚಿಕ್ಕದು ಅನ್ನುವ ಗಿಟಾರ್ ಅವರಿಗೆ ಸಭೆಯ ಮುಂದೆ ನುಡಿಸುವ ದೊಡ್ಡ ಗಿಟಾರ್. ಅಮೆರಿಕದ ಜಾನಪದ ಗಾಯಕಿ ಜೋನ್ ಬಾಯೆಜ್ ಹಾಡುತ್ತಿದ್ದದ್ದು ಒಂದು ಸೊನ್ನೆಯ ಮಾರ್ಟಿನ್ ಹಿಡಿದು. ಚಿಕ್ಕ ಗಿಟಾರಿಗೆ ಬಂದೆ ಅಂದರೆ ಕೆಳಗಿಳಿದೆ ಅಂತ ಕೆಲವರು ತಿಳಿಯುತ್ತಾರೆ. ನನ್ನ ಮನಸ್ಸಿನಲ್ಲೂ ಮೊದಲು ಅದೇ ಇತ್ತು. ಅದು ತಪ್ಪು. ಗುಂಪಿನಲ್ಲಿ ನುಡಿಸುವಾಗ ಸದ್ದು ಸಾಲದಿದ್ದರೆ ಗಿಟಾರಿಗೇ ಜೋಡಿಸಿ ಸದ್ದನ್ನು ಸ್ಪೀಕರಿಗೆ ಕಳಿಸುವ ಪಿಕಪ್ ಇದೆ, ಮೈಕ್ ಇದೆ.

ಭುಜ ಒಂದೇ ಸಲಕ್ಕೆ ವಾಸಿಯಾಗಲಿಲ್ಲ. ಹತ್ತು ನಿಮಿಷದಿಂದ ಶುರುಮಾಡಿದೆ. ವಾರಕ್ಕೆ ಐದು ನಿಮಿಷ ಏರಿಸಿದೆ. ನಾಲ್ಕನೇ ತಿಂಗಳಲ್ಲಿ ರಾತ್ರಿ ಎಚ್ಚರವಾಗುವುದು ನಿಂತಿತು. ಐದನೇ ತಿಂಗಳಲ್ಲಿ ಒಬ್ಬ ಗೆಳತಿಯ ಮನೆಯಲ್ಲಿ ಅವಳ ಡ್ರೆಡ್‌ನಾಟ್ ಎತ್ತಿಕೊಂಡು ಎರಡು ಗಂಟೆ ನುಡಿಸಿಬಿಟ್ಟೆ. ಹಳೆಯ ತಾಗು ಎದೆಗೆ ಬಂದಾಗ ನಿಲ್ಲಿಸಲು ಆಗಲಿಲ್ಲ. ಅದರ ನೋವು ಹನ್ನೊಂದು ದಿನ ಇತ್ತು. ರಬ್ಬರ್ ಪಟ್ಟಿಯ ವ್ಯಾಯಾಮವನ್ನು ಮತ್ತೆ ಮೊದಲಿನಿಂದ ಮಾಡಿದೆ. ಈಗಲೂ ವಾರಕ್ಕೆ ಮೂರು ದಿನ ಮಾಡುತ್ತೇನೆ. ಗಿಟಾರ್ ಚಿಕ್ಕದಾಯಿತು ಅಂತ ವ್ಯಾಯಾಮ ಬಿಟ್ಟಿದ್ದರೆ ನೋವು ಖಂಡಿತ ವಾಪಸ್ ಬರುತ್ತಿತ್ತು. ಗಿಟಾರ್ ಬದಲಾಯಿಸದೆ ಬರೀ ವ್ಯಾಯಾಮ ಮಾಡಿದ್ದರೂ ಹಾಗೇ ಆಗುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಡ್ರೆಡ್‌ನಾಟ್ ಒಂದು ವರ್ಷ ಪೆಟ್ಟಿಗೆಯಲ್ಲೇ ಇತ್ತು. ಮಾರಲು ಮನಸ್ಸಾಗಲಿಲ್ಲ. ತಂತಿ ಸಡಿಲಿಸಿ, ತಿಂಗಳಿಗೊಮ್ಮೆ ತೆಗೆದು ಒರೆಸಿ ಇಡುತ್ತಿದ್ದೆ. ಅಕ್ಕನ ಮಗ ಈಗ ಆರಡಿ ಬೆಳೆದಿದ್ದಾನೆ, ಉದ್ದನೆಯ ತೋಳು. ಒಂದು ದಿನ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಖಾಲಿ ಕೈಗಳ ನಡುವೆ ಡ್ರೆಡ್‌ನಾಟ್ ಇಟ್ಟೆ. ಮೊಣಕೈ ಅಲ್ಲಾಡಲೇ ಇಲ್ಲ. ಅವನ ಮೈಗೆ ಅದು ಅಳೆದು ಹೊಲಿದ ಅಂಗಿಯ ಹಾಗಿತ್ತು. "ಚಿಕ್ಕಮ್ಮ, ಇದು ನಿಜವಾಗ್ಲೂ ನಂಗಾ?" ಅಂದ. ಗಂಟಲು ಕಟ್ಟಿತ್ತು, ತಲೆಯಾಡಿಸಿದೆ.

ಈಗ ಭಾನುವಾರಗಳಲ್ಲಿ ಅವನು ಅದನ್ನು ತರುತ್ತಾನೆ. ಎದುರುಬದುರು ಕೂತು ನುಡಿಸುತ್ತೇವೆ. ಅವನ ಸ್ಟ್ರಮ್ ಕೆಳಗೆ ತುಂಬಿಕೊಳ್ಳುತ್ತದೆ, ನನ್ನ ಬೆರಳು ಮೇಲೆ ನಡೆಯುತ್ತದೆ. ಎದುರಿಗೆ ಕೂತರೆ ಆರನೇ ತಂತಿಯ ಆ ತಾಗು ನನಗೂ ಸಿಗುತ್ತದೆ. ಮೊಬೈಲಿನಲ್ಲಿ ಇಪ್ಪತ್ತೈದು ನಿಮಿಷಕ್ಕೆ ಅಲಾರಂ ಇಟ್ಟಿರುತ್ತೇನೆ. ಅದು ಹೊಡೆದ ಕೂಡಲೇ ಇಬ್ಬರೂ ಗಿಟಾರ್ ಕೆಳಗಿಡಬೇಕು ಅನ್ನುವುದು ನಿಯಮ. ಅವನಿಗೆ ನೋವಿಲ್ಲ, ಆದರೂ ಇಡಬೇಕು.

ಕಳೆದ ವಾರ ಅಲಾರಂ ಹೊಡೆದಾಗ ಹಾಡು ಅರ್ಧದಲ್ಲಿತ್ತು. "ಇದೊಂದು ಮುಗಿಸೋಣ ಚಿಕ್ಕಮ್ಮ" ಅಂದ. "ಎದ್ದು ಕೈ ಬಿಡಿಸ್ಕೋ, ಐದು ನಿಮಿಷ ಆಗ್ಲಿ" ಅಂದೆ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ನುಡಿಸುವಾಗ ಸಡಿಲವಾಗಿದ್ದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದೆ.